ಅವರು ಎಲ್ಲೂ ಕಳೆದುಹೋಗಿರಲಿಲ್ಲ

ರಾಕ್, ಸೌಲ್, ಬ್ಲೂಸ್ ಸಂಗೀತದ ಹಳೆಯ ಆಲ್ಬಂ ಒಂದು ಹೊಸ ಹೊದಿಕೆ ತೊಟ್ಟು ಅಂಗಡಿಗೆ ಮರಳಿದಾಗಲೆಲ್ಲ ಅದರ ಜೊತೆಗೆ ಒಂದೇ ಕಥೆ ಬರುತ್ತದೆ. ಒಬ್ಬ ಮಹಾ ಪ್ರತಿಭಾವಂತ ಇದ್ದ. ಅವನ ಕಾಲ ಅವನನ್ನು ಗುರುತಿಸಲಿಲ್ಲ. ಲೋಕ ಅವನನ್ನು ಮರೆಯಿತು. ಎಷ್ಟೋ ವರ್ಷಗಳ ಮೇಲೆ ಒಬ್ಬ ರಸಿಕ ಯಾವುದೋ ಗೋದಾಮಿನಲ್ಲಿ ಧೂಳು ಹಿಡಿದಿದ್ದ ಟೇಪನ್ನು ಹುಡುಕಿ ತೆಗೆದ. ಈಗ ಆಲ್ಬಂ ಮತ್ತೆ ಬಂದಿದೆ, ಕೊನೆಗೂ ನ್ಯಾಯ ಸಿಕ್ಕಿದೆ. ಇಂಗ್ಲಿಷ್ ಸಂಗೀತ ಪತ್ರಿಕೆಗಳ ಮರುಬಿಡುಗಡೆ ಅಂಕಣಗಳಲ್ಲಿ ಈ ಕಥೆ ತಿಂಗಳು ತಿಂಗಳೂ ಅಚ್ಚಾಗುತ್ತದೆ. ಹೆಸರು, ಊರು, ಇಸವಿ ಬದಲಾಗುತ್ತವೆ, ಕಥೆ ಬದಲಾಗುವುದಿಲ್ಲ. ಅದನ್ನು ಓದಿ ರೆಕಾರ್ಡು ಕೊಂಡವನಿಗೆ ತಾನೂ ಒಂದು ಸತ್ಕಾರ್ಯದಲ್ಲಿ ಪಾಲುದಾರನಾದೆ ಎನಿಸುತ್ತದೆ.

ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕಲಾವಿದನನ್ನು ಮರೆತವರು ಯಾರು ಎಂದು ಅದು ಕೇಳುವುದಿಲ್ಲ. ಟೇಪು ಯಾರ ಬೀಗದ ಕೋಣೆಯಲ್ಲಿತ್ತು, ಕೀಲಿ ಯಾರ ಕೈಯಲ್ಲಿತ್ತು ಎಂದೂ ಕೇಳುವುದಿಲ್ಲ. ‘ಕಾಲ’ ಮತ್ತು ‘ಲೋಕ’ ಎಂಬ ಎರಡು ದೊಡ್ಡ ಮಾತುಗಳ ಮೇಲೆ ತಪ್ಪು ಹೊರಿಸಿ, ಸಹಿ ಹಾಕಿಸಿಕೊಂಡವರನ್ನೂ ಲೆಕ್ಕ ಬರೆದವರನ್ನೂ ಅದು ಸದ್ದಿಲ್ಲದೆ ಬಿಡುಗಡೆ ಮಾಡಿಬಿಡುತ್ತದೆ. ಇಷ್ಟಾದ ಮೇಲೆ ಇವತ್ತು ಬದುಕಿ ಹಾಡುತ್ತಿರುವವರ ಪಾಲಿನ ಗಮನವನ್ನೂ ಕಿತ್ತುಕೊಳ್ಳುತ್ತದೆ.

ಹಳೆಯ ರೆಕಾರ್ಡುಗಳ ಮೇಲೆ ನನಗೆ ದ್ವೇಷವಿಲ್ಲ. ಬ್ಲೂಸ್ ನಮ್ಮಲ್ಲಿ ಬಹುತೇಕರ ಕಿವಿಗೆ ಬಿದ್ದದ್ದೇ ಸುತ್ತುದಾರಿಯಲ್ಲಿ, ಬ್ರಿಟಿಷ್ ರಾಕ್ ತಂಡಗಳ ಮೂಲಕ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದು ಹಾಡಿದಾಗ ಮಳೆಬಿಸಿಲೆನ್ನದೆ ಹೋಗಿ ನಿಂತವರಲ್ಲಿ ಎಷ್ಟೋ ಮಂದಿಗೆ ಆ ತಂಡದ ಹೆಸರು ಮಡ್ಡಿ ವಾಟರ್ಸ್ ಅವರ 1950ರ ಒಂದು ಹಾಡಿನಿಂದ ಬಂದದ್ದೆಂದು ಗೊತ್ತಿತ್ತು. ಅಲ್ಲಿಂದ ಹಿಂದಕ್ಕೆ ನಡೆಯಬೇಕೆಂದರೆ ಮರುಬಿಡುಗಡೆಯೊಂದೇ ದಾರಿ. ಆದ್ದರಿಂದಲೇ ಆ ದಾರಿಯಲ್ಲಿ ನೆಟ್ಟಿರುವ ಸುಳ್ಳು ಫಲಕಗಳ ಬಗ್ಗೆ ನನಗೆ ಇಷ್ಟು ಸಿಟ್ಟು. ಅಮೆರಿಕದ ಸಂಗೀತದ ಜೊತೆಗೆ ಅಲ್ಲಿನ ಪತ್ರಿಕೆಗಳ ಕಥೆಯನ್ನೂ ನಾವು ಹಾಗೇ ನುಂಗಿದ್ದೇವೆ.

ಈ ಕಥೆಯ ಅತಿ ಪ್ರಸಿದ್ಧ ರೂಪ ರೊಡ್ರಿಗಸ್ ಅವರದು. ಡೆಟ್ರಾಯಿಟಿನ ಸಿಕ್ಸ್ಟೋ ರೊಡ್ರಿಗಸ್ 1970ರಲ್ಲಿ ‘ಕೋಲ್ಡ್ ಫ್ಯಾಕ್ಟ್’, 1971ರಲ್ಲಿ ‘ಕಮಿಂಗ್ ಫ್ರಮ್ ರಿಯಾಲಿಟಿ’ ಎಂಬ ಎರಡು ಆಲ್ಬಂಗಳನ್ನು ಹೊರತಂದರು. ಅಮೆರಿಕದಲ್ಲಿ ಅವು ಮಾರಾಟವಾಗಲಿಲ್ಲ. ಕಟ್ಟಡ ಕೆಡಹುವ ಕೂಲಿ ಮಾಡಿ ಅವರು ಸಂಸಾರ ಸಾಕಿದರು. ದಕ್ಷಿಣ ಆಫ್ರಿಕಾದಲ್ಲಿ ಮಾತ್ರ ಅದೇ ಹಾಡುಗಳು ಒಂದು ತಲೆಮಾರಿನ ಬಿಳಿಯ ಯುವಕರ ಬಾಯಲ್ಲಿದ್ದವು. 2008ರಲ್ಲಿ ‘ಕೋಲ್ಡ್ ಫ್ಯಾಕ್ಟ್’ ಅಮೆರಿಕದಲ್ಲಿ ಮರುಬಿಡುಗಡೆಯಾಯಿತು; 2012ರಲ್ಲಿ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಸಾಕ್ಷ್ಯಚಿತ್ರ ಬಂತು, ಮರುವರ್ಷ ಅದಕ್ಕೆ ಆಸ್ಕರ್ ಸಿಕ್ಕಿತು. ಕಾಣೆಯಾದ ಕವಿಗಾಯಕನೊಬ್ಬನನ್ನು ಅಭಿಮಾನಿಗಳು ಪತ್ತೆ ಮಾಡಿದ ಕಥೆಯೆಂದು ಅದನ್ನು ಜಗತ್ತು ನೋಡಿತು, ಕಣ್ಣೀರು ಹಾಕಿತು.

ಆ ಚಿತ್ರದಲ್ಲಿ ಒಂದು ಸಂಗತಿ ಇಲ್ಲ. ರೊಡ್ರಿಗಸ್ 1979ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಹಾಡಿದ್ದರು. 1981ರಲ್ಲಿ ಮತ್ತೆ ಹೋದರು, ಆಗ ಮಿಡ್‌ನೈಟ್ ಆಯಿಲ್ ತಂಡದ ಜೊತೆಗೆ ವೇದಿಕೆ ಏರಿದರು. ಅವರ ಕಛೇರಿಯ ಧ್ವನಿಮುದ್ರಣ ಅಲ್ಲಿ ಆಲ್ಬಂ ಆಗಿಯೂ ಬಂತು. ಅಂದರೆ ‘ಕಾಣೆಯಾದ’ ಮನುಷ್ಯ ಸಾವಿರಾರು ಜನರ ಮುಂದೆ ಗಿಟಾರ್ ಹಿಡಿದು ನಿಂತಿದ್ದ. ಇದನ್ನು ಹೇಳಿದ್ದರೆ ಕಥೆಗೆ ಕುಂದು ಬರುತ್ತಿತ್ತು, ಆದ್ದರಿಂದ ಹೇಳಲಿಲ್ಲ. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇರೆ ಮಾತು. ದಕ್ಷಿಣ ಆಫ್ರಿಕಾದಲ್ಲಿ ಅಷ್ಟೊಂದು ರೆಕಾರ್ಡುಗಳು ಮಾರಿಹೋದವಲ್ಲ, ಆ ಹಣ ದಶಕಗಳ ಕಾಲ ಹಾಡಿದವನ ಕೈ ಸೇರಲಿಲ್ಲ. ಡೆಟ್ರಾಯಿಟಿನ ಒಂದೇ ಮನೆಯಲ್ಲಿ ವಾಸವಿದ್ದವನ ವಿಳಾಸ ಹುಡುಕುವುದು ಅಭಿಮಾನಿಗಳಿಗೆ ಕಷ್ಟವಾಗಿದ್ದಿರಬಹುದು. ಅವನ ಕರಾರುಪತ್ರ ಇಟ್ಟುಕೊಂಡ ವ್ಯಾಪಾರಕ್ಕೂ ಕಷ್ಟವೇ? ಚಿತ್ರ ಈ ಪ್ರಶ್ನೆಯ ಹೊಸ್ತಿಲವರೆಗೆ ಹೋಗಿ ನಿಂತುಬಿಡುತ್ತದೆ, ವಿಮರ್ಶಕರಲ್ಲಿ ಬಹುಮಂದಿ ಹೊಸ್ತಿಲಿಗೂ ಹೋಗಲಿಲ್ಲ.

‘ಮರೆತುಹೋಯಿತು’ ಎಂದು ಬರೆಯುವವರ ಲೋಕ ಎಷ್ಟು ಸಣ್ಣದೆಂದು ತಿಳಿಯಲು ಮಿಸಿಸಿಪ್ಪಿಯ ಜಾಕ್ಸನ್ ನಗರಕ್ಕೆ ಹೋಗಬೇಕು. 1980ರ ದಶಕದ ಆರಂಭದಲ್ಲಿ, ಬ್ಲೂಸ್ ಎಂದರೆ ವಸ್ತುಸಂಗ್ರಹಾಲಯದ ಸಂಗೀತ, ಕಪ್ಪು ಜನ ಅದನ್ನು ಯಾವತ್ತೋ ಬಿಟ್ಟರು ಎಂದು ರಾಕ್ ಪತ್ರಿಕೆಗಳು ತೀರ್ಮಾನಿಸಿದ್ದ ಹೊತ್ತಿನಲ್ಲಿ, ಅಲ್ಲಿನ ಮಲಾಕೊ ಎಂಬ ಕಂಪನಿ ಝಡ್ ಝಡ್ ಹಿಲ್ ಅವರ ‘ಡೌನ್ ಹೋಮ್’ ಆಲ್ಬಂ ಹೊರತಂದಿತು. ಬಿಲ್‌ಬೋರ್ಡ್ ಪತ್ರಿಕೆಯ ಸೌಲ್ ಪಟ್ಟಿಯಲ್ಲಿ ಅದು ಸುಮಾರು ಎರಡು ವರ್ಷ ಕುಳಿತಿತ್ತು. ಕೊಂಡವರು ದಕ್ಷಿಣದ ಕಪ್ಪು ಜನ. ಟ್ರಕ್ ಓಡಿಸುವವರು, ಆಸ್ಪತ್ರೆಗಳಲ್ಲಿ ದುಡಿಯುವವರು, ಶನಿವಾರ ರಾತ್ರಿ ಕುಣಿಯಲು ಹೋಗುವವರು. ಬಾಬಿ ಬ್ಲಾಂಡ್, ಲಿಟಲ್ ಮಿಲ್ಟನ್, ಡೆನಿಸ್ ಲಾಸಾಲ್, ಜಾನಿ ಟೇಲರ್ ಅದೇ ಕಂಪನಿಗೆ ಹಾಡಿ, ಅದೇ ಜನರ ಮುಂದೆ ವಾರವಾರವೂ ವೇದಿಕೆ ಏರುತ್ತಿದ್ದರು. ಬಾಬಿ ರಷ್ ತಮ್ಮ ಜೀವಮಾನವಿಡೀ ಆ ಸಣ್ಣ ಊರುಗಳ ನಾಟ್ಯಗೃಹಗಳಲ್ಲಿ ಹಾಡಿದವರು. ‘ಪಾರ್ಕ್ಯುಪೈನ್ ಮೀಟ್’ ಆಲ್ಬಂಗೆ 2017ರಲ್ಲಿ ಅವರಿಗೆ ಮೊದಲ ಗ್ರ್ಯಾಮಿ ಬಂದಾಗ ಅವರು ಎಂಬತ್ತು ದಾಟಿದ್ದರು. ಅವರನ್ನು ಆಗ ‘ಕಂಡುಹಿಡಿದ’ ಓದುಗರು ಅಲ್ಲಿವರೆಗೆ ಎಲ್ಲಿದ್ದರು ಎಂಬುದೇ ಸರಿಯಾದ ಪ್ರಶ್ನೆ. ಬಾಬಿ ರಷ್ ಇದ್ದಲ್ಲೇ ಇದ್ದರು.

ಸ್ಕಿಪ್ ಜೇಮ್ಸ್ ಅವರ ವಿಷಯವನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಿಸಿಸಿಪ್ಪಿಯ ಬೆಂಟೋನಿಯಾದ ಈ ಗಾಯಕ 1931ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ಗ್ರಾಫ್ಟನ್‌ಗೆ ರೈಲಿನಲ್ಲಿ ಹೋಗಿ ಪ್ಯಾರಮೌಂಟ್ ಕಂಪನಿಗೆ ಹಾಡಿದರು. ಉಳಿದಿರುವುದು ಹದಿನೆಂಟು ಹಾಡು. ಪ್ಯಾರಮೌಂಟ್ ಎಂಬುದು ಕುರ್ಚಿ ಮಾಡುವ ಕಂಪನಿಯೊಂದರ ಮರಿ. ಕುರ್ಚಿಯ ಜೊತೆಗೆ ಗ್ರಾಮಫೋನಿನ ಮರದ ಪೆಟ್ಟಿಗೆಗಳನ್ನೂ ಮಾಡುತ್ತಿದ್ದ ಆ ವ್ಯಾಪಾರಿಗಳು, ಪೆಟ್ಟಿಗೆ ಮಾರಾಟವಾಗಲಿ ಎಂದು ಪ್ಲೇಟುಗಳನ್ನು ಒತ್ತಲು ಶುರುಮಾಡಿದರು. ಅಗ್ಗದ ಅರಗು, ಒರಟು ಮೇಲ್ಮೈ, ಹೊಸ ಪ್ಲೇಟಿಗೇ ಕರಕರ ಸದ್ದು. ಆರ್ಥಿಕ ಕುಸಿತದ ನಡುವೆ ಕಂಪನಿ ಧ್ವನಿಮುದ್ರಣ ನಿಲ್ಲಿಸಿತು, ಅದರ ಲೋಹದ ಮೂಲ ಅಚ್ಚುಗಳಲ್ಲಿ ಬಹುಪಾಲು ಇವತ್ತು ಇಲ್ಲ. ಹಾಗಾಗಿ ಸ್ಕಿಪ್ ಜೇಮ್ಸ್ ಅವರ 1931ರ ಹಾಡುಗಳ ಪ್ರತಿಯೊಂದು ಮರುಬಿಡುಗಡೆಯೂ ಸವೆದ ಪ್ಲೇಟುಗಳಿಂದ ಎತ್ತಿಕೊಂಡದ್ದು. ಕೆಲವು ಹಾಡುಗಳ ಪ್ಲೇಟು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

‘22-20 ಬ್ಲೂಸ್’ ಕೇಳಿ. ಪಿಯಾನೋ ನುಡಿಸುತ್ತ ಅವರು ಮರದ ನೆಲಕ್ಕೆ ಕಾಲು ಬಡಿಯುತ್ತಾರೆ. ಪಿಯಾನೋ ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಕಾಲಿನ ಸದ್ದು ಅದರ ಕೆಳಗೆ ತನ್ನದೇ ಪಟ್ಟು ಹಿಡಿದಿರುತ್ತದೆ. ಕರಕರವನ್ನು ಪೂರ್ತಿ ಒರೆಸಿ ಹಾಕಿದ ಮರುಬಿಡುಗಡೆಗಳಲ್ಲಿ ಈ ಕಾಲಿನ ಸದ್ದು ಮಂಕಾಗುತ್ತದೆ, ಪಿಯಾನೋದ ಮೊದಲ ಹೊಡೆತದ ಚೂಪು ಹೋಗುತ್ತದೆ, ಎತ್ತರದ ದನಿಯ ಅಂಚು ಮೊಂಡಾಗುತ್ತದೆ. ಧೂಳಿನ ಜೊತೆಗೆ ಮನುಷ್ಯನ ಒಂದು ಪದರವನ್ನೂ ಉಜ್ಜಿ ತೆಗೆದು, ಅದನ್ನೇ ‘ಹಿಂದೆಂದೂ ಕೇಳಿರದ ಸ್ಪಷ್ಟತೆ’ ಎಂದು ಹೊದಿಕೆಯ ಮೇಲೆ ಅಚ್ಚು ಹಾಕುತ್ತಾರೆ. ಸದ್ದನ್ನು ಇದ್ದ ಹಾಗೆ ಬಿಟ್ಟು, ಒಳ್ಳೆಯ ಪ್ಲೇಟು ಹುಡುಕಿ, ಸರಿಯಾದ ಮುಳ್ಳು ಹಾಕಿ, ತಿರುಗುವ ವೇಗವನ್ನು ಲಕ್ಷ್ಯಕೊಟ್ಟು ಹೊಂದಿಸುವವರೂ ಇದ್ದಾರೆ. ಈ ಎರಡು ಕೆಲಸಗಳ ನಡುವಿನ ಅಂತರವನ್ನು ವಿಮರ್ಶಕರು ಓದುಗರಿಗೆ ಹೇಳಬೇಕಿತ್ತು. ಪುಟ ತುಂಬಿಸಲು ‘ಕಳೆದುಹೋದ ದನಿ’ಯ ಕಥೆಯೇ ಸಾಕಾದಾಗ ಅದನ್ನು ಹೇಳುವ ಗೋಜು ಯಾರಿಗೆ ಬೇಕು?

ಇನ್ನು ಸ್ಕಿಪ್ ಜೇಮ್ಸ್ 1964ರಲ್ಲಿ ‘ಪತ್ತೆ’ಯಾದ ಸಂಗತಿ. ಹಳೆಯ ಪ್ಲೇಟುಗಳ ಹುಚ್ಚು ಹಿಡಿದ ಮೂವರು ತರುಣರು ಅವರನ್ನು ಮಿಸಿಸಿಪ್ಪಿಯ ಟುನಿಕಾದ ಆಸ್ಪತ್ರೆಯಲ್ಲಿ ಕಂಡರು. ಅದೇ ಬೇಸಿಗೆ ಅವರು ನ್ಯೂಪೋರ್ಟ್ ಉತ್ಸವದಲ್ಲಿ ಹಾಡಿದರು. ಇಲ್ಲಿಗೆ ಮುಗಿಯುವ ಕಥೆ ಚೆಂದ. ಮುಂದಿನದನ್ನು ಯಾರೂ ಅಷ್ಟು ಉತ್ಸಾಹದಿಂದ ಹೇಳುವುದಿಲ್ಲ. ಬದುಕಿದ್ದ ಆ ಹಿರಿಯ ಹೊಸದಾಗಿ ಆಲ್ಬಂ ಮಾಡಿದರು: 1966ರಲ್ಲಿ ‘ಟುಡೇ!’, 1968ರಲ್ಲಿ ‘ಡೆವಿಲ್ ಗಾಟ್ ಮೈ ವುಮನ್’. ಸಂಗ್ರಾಹಕರ ವಲಯ ಅವನ್ನು 1931ರ ಮುಂದೆ ಸಪ್ಪೆ ಎಂದು ಬದಿಗಿಟ್ಟಿತು. ನನ್ನ ಕಿವಿ ಈ ತೀರ್ಪನ್ನು ಒಪ್ಪುವುದಿಲ್ಲ. ‘ಹಾರ್ಡ್ ಟೈಮ್ ಕಿಲ್ಲಿಂಗ್ ಫ್ಲೋರ್ ಬ್ಲೂಸ್’ ಹಾಡನ್ನು ‘ಟುಡೇ!’ಯಲ್ಲಿ ಕೇಳಿದರೆ, ಮೈನರ್ ಸ್ವರಮೇಳಕ್ಕೆ ಶ್ರುತಿ ಮಾಡಿದ ಗಿಟಾರಿನ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಆ ಮೇಲುದನಿ ಇನ್ನೂ ಇದೆ, ಅವಸರ ಹೋಗಿದೆ. ಬರಗಾಲದ ಹಾಡನ್ನು ಇಪ್ಪತ್ತೆಂಟರ ತರುಣ ಹಾಡುವುದಕ್ಕೂ, ಮೂವತ್ತು ವರ್ಷ ಹೆಸರಿಲ್ಲದೆ ಬಾಳಿ ಕಾಯಿಲೆ ಬಿದ್ದವನು ಹಾಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೂ ಅದರದೇ ತೂಕ ಉಂಟು. ಮನುಷ್ಯ ಎದುರಿಗೆ ಕೂತು ಹಾಡುತ್ತಿದ್ದಾಗ ಅವನ ಹಳೆಯ ಪ್ಲೇಟನ್ನೇ ಕೇಳುತ್ತ ಕೂತವರು ಅವನಿಗೆ ನ್ಯಾಯ ಒದಗಿಸಿದೆವೆಂದು ಹೇಳಿಕೊಳ್ಳುವುದು ಯಾವ ಬಾಯಿಂದ?

ಅವರಿಗೆ ಕೊನೆಗಾಲದಲ್ಲಿ ಹಣ ತಂದುಕೊಟ್ಟದ್ದು ಯಾವುದು ಗೊತ್ತೆ? ಮರುಬಿಡುಗಡೆಯಲ್ಲ. ಬ್ರಿಟನ್ನಿನ ಕ್ರೀಮ್ ತಂಡ 1966ರಲ್ಲಿ ತನ್ನ ಹೊಸ ಆಲ್ಬಂನಲ್ಲಿ ಅವರ ‘ಐಯಾಮ್ ಸೋ ಗ್ಲ್ಯಾಡ್’ ಹಾಡಿತು, ರಚನೆ ಅವರದೆಂದು ಹೆಸರು ಹಾಕಿತು, ರಾಯಲ್ಟಿ ಬಂತು. ಕ್ಯಾನ್ಸರ್ ಚಿಕಿತ್ಸೆಗೆ ಅದು ನೆರವಾಯಿತು. 1969ರಲ್ಲಿ ಅವರು ತೀರಿಕೊಂಡರು. ಎಲ್ಲರೂ ಹೀಗೆ ಹೆಸರು ಹಾಕಲಿಲ್ಲ. ‘ಹೋಲ್ ಲಾಟ ಲವ್’ ಹಾಡಿಗಾಗಿ ಬ್ಲೂಸ್ ರಚನಕಾರ ವಿಲ್ಲಿ ಡಿಕ್ಸನ್ ಲೆಡ್ ಜೆಪ್ಪೆಲಿನ್ ತಂಡದ ಮೇಲೆ ಮೊಕದ್ದಮೆ ಹೂಡಬೇಕಾಯಿತು. 1987ರಲ್ಲಿ ಅದು ರಾಜಿಯಾಯಿತು.

ಈಗ ಲೆಕ್ಕದ ಪುಸ್ತಕ ತೆರೆಯೋಣ. ಈ ವಾದದ ತಿರುಳು ಇರುವುದು ಅಲ್ಲೇ, ರುತ್ ಬ್ರೌನ್ ಅವರ ಬದುಕಿನಲ್ಲಿ.

ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ 1928ರಲ್ಲಿ ಹುಟ್ಟಿದ ರುತ್ ಬ್ರೌನ್ 1949ರಿಂದ ಅಟ್ಲಾಂಟಿಕ್ ರೆಕಾರ್ಡ್ಸ್‌ಗೆ ಹಾಡತೊಡಗಿದರು. ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ 1950ರಲ್ಲಿ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿ ವಾರಗಟ್ಟಲೆ ಅಲ್ಲೇ ನಿಂತಿತು. ಅಟ್ಲಾಂಟಿಕ್ ಕಂಪನಿಯನ್ನು ‘ರುತ್ ಕಟ್ಟಿದ ಮನೆ’ ಎಂದು ಜನ ಕರೆಯುವಷ್ಟು ಆಕೆಯ ಹಾಡುಗಳು ಮಾರಿದವು. 1960ರ ದಶಕದ ಆರಂಭದಲ್ಲಿ ಆಕೆ ಕಂಪನಿಯಿಂದ ಹೊರಬಿದ್ದರು. ಮಕ್ಕಳನ್ನು ಸಾಕಲು ಮನೆಗೆಲಸ ಮಾಡಿದರು, ಶಾಲೆಯ ಬಸ್ಸು ಓಡಿಸಿದರು. ಆ ಹಾಡುಗಳು ಮಾತ್ರ ಮಾರಾಟವಾಗುತ್ತಲೇ ಇದ್ದವು: ಸಂಕಲನಗಳಲ್ಲಿ, ಮರುಬಿಡುಗಡೆಗಳಲ್ಲಿ, ಹೊರದೇಶಗಳಲ್ಲಿ ಅಚ್ಚಾದ ಎಲ್‌ಪಿಗಳಲ್ಲಿ. ವಾಷಿಂಗ್ಟನ್ನಿನ ವಕೀಲ ಹೋವೆಲ್ ಬೆಗಲ್ ಆಕೆಯ ಅಭಿಮಾನಿ. ದುಬಾರಿ ಬೆಲೆ ಕೊಟ್ಟು ಕೊಂಡಿದ್ದ ರೆಕಾರ್ಡುಗಳನ್ನು ಸಹಿಗಾಗಿ ಆಕೆಯ ಮುಂದೆ ಹಿಡಿದಾಗ, ಇವುಗಳಿಂದ ತನಗೆ ಬಿಡಿಗಾಸೂ ಬಂದಿಲ್ಲ ಎಂಬುದು ಆಕೆಯಿಂದಲೇ ಅವರಿಗೆ ತಿಳಿಯಿತು.

ಮರುಬಿಡುಗಡೆಯನ್ನು ಕೊಳ್ಳುವುದೇ ನ್ಯಾಯ ಎನ್ನುವವರು ಈ ಕ್ಷಣದ ಮುಂದೆ ನಿಲ್ಲಬೇಕು. ಬೆಗಲ್ ಪ್ರಾಮಾಣಿಕ ಅಭಿಮಾನಿ. ಹಣ ಕೊಟ್ಟಿದ್ದರು, ಪ್ರೀತಿಯಿಂದ ಕೇಳಿದ್ದರು, ಹೊದಿಕೆ ಜೋಪಾನ ಮಾಡಿದ್ದರು. ಆ ಕೊಳ್ಳುವಿಕೆಯಿಂದ ಹಾಡಿದಾಕೆಗೆ ಆದ ಲಾಭ ಸೊನ್ನೆ.

ಹೀಗಾಗುವುದು ಹೇಗೆ? ಅಂದಿನ ಕರಾರುಗಳಲ್ಲಿ ಗಾಯಕರಿಗೆ ಸಿಗುತ್ತಿದ್ದ ರಾಯಲ್ಟಿ ನೂರಕ್ಕೆ ಕೆಲವೇ ರೂಪಾಯಿಗಳ ಲೆಕ್ಕದ್ದು. ಅದರ ಎದುರಿಗೆ ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಬಳ, ಸ್ವರಸಂಯೋಜನೆಯ ಖರ್ಚು ಎಲ್ಲವೂ ಗಾಯಕರ ಹೆಸರಿನಲ್ಲಿ ಸಾಲವಾಗಿ ಬೀಳುತ್ತಿತ್ತು. ಹಾಡು ಗೆದ್ದರೆ ಮತ್ತೆ ಹಾಡಿಸುತ್ತಿದ್ದರು. ಮತ್ತೆ ಹಾಡಿದಷ್ಟೂ ಸಾಲ ಬೆಳೆಯುತ್ತಿತ್ತು. ಅರಗಿನ ಪ್ಲೇಟುಗಳ ಕಾಲದಲ್ಲಿ ಸಾಗಣೆಯಲ್ಲಿ ಒಡೆಯುವುದಕ್ಕೆಂದು ನೂರಕ್ಕೆ ಹತ್ತನ್ನು ಮುರಿದುಕೊಂಡು ಉಳಿದ ತೊಂಬತ್ತಕ್ಕೆ ಮಾತ್ರ ರಾಯಲ್ಟಿ ಲೆಕ್ಕ ಹಾಕುವ ಪದ್ಧತಿಯಿತ್ತು. ಒಡೆಯದ ವಿನೈಲ್ ಬಂದ ಮೇಲೂ ಆ ಷರತ್ತು ಕರಾರುಗಳಲ್ಲಿ ಉಳಿಯಿತು, ಸಿಡಿ ಕಾಲಕ್ಕೂ ದಾಟಿತು. ಹಳ್ಳಿಯ ಸಾಹುಕಾರನ ಕಡತದಲ್ಲಿ ಅಜ್ಜ ತಂದ ಮೂಟೆ ಭತ್ತ ಮೊಮ್ಮಗನ ಕಾಲಕ್ಕೂ ತೀರದ ಹಾಗೆ, ಮೂವತ್ತು ವರ್ಷ ಹಾಡು ಮಾರಿದರೂ ಗಾಯಕಿಯ ಖಾತೆ ಸಾಲದಲ್ಲೇ ಇರುತ್ತಿತ್ತು. ಅಂಥ ಖಾತೆಗೆ ಬಂದು ಬೀಳುವ ಪ್ರತಿ ಮರುಬಿಡುಗಡೆಯೂ ಕಂಪನಿಗೆ ಬರಿಯ ಲಾಭ.

ರುತ್ ಬ್ರೌನ್ ಮತ್ತು ಬೆಗಲ್ ವರ್ಷಗಟ್ಟಲೆ ಹೋರಾಡಿದರು. 1988ರಲ್ಲಿ, ಅಟ್ಲಾಂಟಿಕ್ ತನ್ನ ನಲವತ್ತನೇ ವರ್ಷದ ಸಂಭ್ರಮ ಆಚರಿಸುತ್ತಿದ್ದ ಹೊತ್ತಿಗೆ, ಕಂಪನಿ ಹಳೆಯ ಸಾಲಗಳನ್ನು ಮನ್ನಾ ಮಾಡಿ ಸುಮಾರು ಇಪ್ಪತ್ತು ವರ್ಷಗಳ ಬಾಕಿ ರಾಯಲ್ಟಿ ಕೊಡಲು ಒಪ್ಪಿತು. ಹಳೆಯ ಕಲಾವಿದರ ನೆರವಿಗಾಗಿ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಹುಟ್ಟಿದ್ದು ಅದೇ ಹೋರಾಟದಿಂದ. ಅದೇ ದಿನಗಳಲ್ಲಿ ಆಕೆ ಬ್ರಾಡ್‌ವೇ ರಂಗಭೂಮಿಗೂ ಬಂದು 1989ರಲ್ಲಿ ಟೋನಿ ಪ್ರಶಸ್ತಿ ಗೆದ್ದರು. 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯನ್ನು ಬರಮಾಡಿಕೊಂಡಿತು. ನ್ಯಾಯ ಎಂಬುದು ಬಂದದ್ದು ಹೀಗೆ: ಒಬ್ಬಾಕೆ ಬಾಯಿ ಬಿಟ್ಟು ಹೇಳಿದ್ದರಿಂದ, ಒಬ್ಬ ವಕೀಲ ಕಾಗದಪತ್ರ ಕೇಳಿದ್ದರಿಂದ, ಕಂಪನಿಗೆ ಮುಜುಗರವಾದದ್ದರಿಂದ. ಬಾಕ್ಸ್ ಸೆಟ್ಟಿನಿಂದಲ್ಲ, ಅದರ ವಿಮರ್ಶೆಯಿಂದಂತೂ ಅಲ್ಲ.

ಅಷ್ಟಾದರೂ ಕಾನೂನು ಎಲ್ಲಿಗೆ ಬಂದು ನಿಂತಿದೆ ನೋಡಿ. 1972ರ ಫೆಬ್ರವರಿಗೆ ಮೊದಲಿನ ಧ್ವನಿಮುದ್ರಣಗಳು ಅಮೆರಿಕದ ಕೇಂದ್ರ ಕಾನೂನಿನ ಆಸರೆಗೆ ಬಂದದ್ದು 2018ರಲ್ಲಿ. ಡಿಜಿಟಲ್ ರೇಡಿಯೋದಿಂದ ಹಳೆಯ ಗಾಯಕರಿಗೆ ಕಾನೂನುಬದ್ಧವಾಗಿ ಪಾಲು ಸಿಗುವಂತಾದದ್ದು ಆಗಲೇ. ರುತ್ ಬ್ರೌನ್ ಅಷ್ಟು ಹೊತ್ತಿಗೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅಲ್ಲಿನ ಮಾಮೂಲಿ ಎಎಂ, ಎಫ್‌ಎಂ ರೇಡಿಯೋಗಳು ಹಾಡಿನ ರಚನಕಾರರಿಗೆ ಹಣ ಕೊಡುತ್ತವೆ. ಹಾಡಿದವರಿಗೆ ಇವತ್ತಿಗೂ ಕೊಡುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಗಾಯಕರ ರಾಯಲ್ಟಿಯನ್ನು ಹಕ್ಕೆಂದು ಒಪ್ಪಿದೆ. ಅಮೆರಿಕದ ರೇಡಿಯೋ ಅಷ್ಟನ್ನೂ ಒಪ್ಪಿಲ್ಲ.

ಹಕ್ಕು ಕೈತಪ್ಪಲು ಕಳ್ಳತನವೇ ಆಗಬೇಕೆಂದಿಲ್ಲ, ಓದದೆ ಹಾಕಿದ ಒಂದು ಸಹಿ ಸಾಕು. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿ ಹಳೆಯ ಸಿನಿಮಾ ಮಂದಿರದಲ್ಲಿ ನಡೆಯುತ್ತಿದ್ದ ಅಕ್ಕತಮ್ಮಂದಿರ ಉದ್ಯಮ. ಜಿಮ್ ಸ್ಟೀವರ್ಟ್ ತಮ್ಮ, ಎಸ್ಟೆಲ್ ಆಕ್ಸ್‌ಟನ್ ಅಕ್ಕ. 1965ರಲ್ಲಿ ಅಟ್ಲಾಂಟಿಕ್ ಜೊತೆಗಿನ ವಿತರಣೆಯ ಒಪ್ಪಂದಕ್ಕೆ ಸ್ಟೀವರ್ಟ್ ಸಹಿ ಹಾಕಿದರು. 1967ರ ಡಿಸೆಂಬರಿನಲ್ಲಿ ಸ್ಟ್ಯಾಕ್ಸ್‌ನ ಗಾಯಕ ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ಸತ್ತರು. ಮರುವರ್ಷ ಅಟ್ಲಾಂಟಿಕ್‌ನಿಂದ ಬೇರೆಯಾಗಲು ಹೊರಟಾಗ ಸ್ಟ್ಯಾಕ್ಸ್‌ಗೆ ಗೊತ್ತಾದದ್ದು: ಅಲ್ಲಿಯವರೆಗೆ ತಾವು ವಿತರಣೆಗೆ ಕೊಟ್ಟಿದ್ದ ಹಾಡುಗಳ ಮಾಸ್ಟರ್ ಟೇಪುಗಳೂ ಆ ಒಪ್ಪಂದದ ಪ್ರಕಾರ ಅಟ್ಲಾಂಟಿಕ್‌ನ ಸ್ವತ್ತು. ಓಟಿಸ್ ರೆಡಿಂಗ್ ಅವರ ಹಾಡುಗಳು, ಸ್ಯಾಮ್ ಅಂಡ್ ಡೇವ್ ಅವರ ಹಾಡುಗಳು, ಎಲ್ಲ. ಇವತ್ತು ಸ್ಟ್ಯಾಕ್ಸ್ ಸಂಗೀತ ಎರಡು ಕಂಪನಿಗಳ ನಡುವೆ ಹರಿದು ಹಂಚಿಹೋಗಿರುವುದು ಅದರಿಂದಲೇ. ಓಟಿಸ್ ಅವರ ಹೊಸ ಬಾಕ್ಸ್ ಸೆಟ್ ಬಂದಾಗ ‘ಮೆಂಫಿಸ್‌ನ ಪರಂಪರೆಗೆ ಗೌರವ’ ಎಂದು ಬರೆಯುವ ವಿಮರ್ಶಕ, ಹಣ ಮೆಂಫಿಸ್‌ಗೆ ಹೋಗುತ್ತದೆಯೇ ಎಂದು ಒಂದು ಸಾಲು ಬರೆಯಲಿ ಎಂದಷ್ಟೇ ನನ್ನ ಕೋರಿಕೆ.

ಕೆಲವು ಬಿಡುಗಡೆಗಳಂತೂ ಕೇಳುಗರಿಗಾಗಿ ಹುಟ್ಟಿದವೇ ಅಲ್ಲ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕನ್ನು ಐವತ್ತರಿಂದ ಎಪ್ಪತ್ತು ವರ್ಷಕ್ಕೆ ಏರಿಸಿದಾಗ, ಐವತ್ತು ವರ್ಷದೊಳಗೆ ಪ್ರಕಟವಾಗದ್ದಕ್ಕೆ ಆ ವಿಸ್ತರಣೆ ಸಿಗದು ಎಂದಾಯಿತು. ಆಗ 2012ರ ಕೊನೆಗೆ ಬಾಬ್ ಡಿಲನ್ ಅವರ ಅಪ್ರಕಟಿತ ಹಾಡುಗಳ ಒಂದು ಸಂಗ್ರಹ ಸುಮಾರು ನೂರೇ ಪ್ರತಿಗಳಲ್ಲಿ ಯುರೋಪಿನ ಅಂಗಡಿಗಳಿಗೆ ಬಂತು. ಹಕ್ಕು ಉಳಿಸಿಕೊಳ್ಳಲು ಮಾಡಿದ ಬಿಡುಗಡೆ ಎಂಬುದನ್ನು ಅದರ ಉಪಶೀರ್ಷಿಕೆಯೇ ಹೇಳುತ್ತಿತ್ತು. ಸತ್ತವರ ವಿಷಯದಲ್ಲಿ ಇನ್ನೂ ಮುಂದೆ ಹೋದದ್ದುಂಟು. ಜಿಮಿ ಹೆಂಡ್ರಿಕ್ಸ್ ಬದುಕಿದ್ದಾಗ ಸ್ಟುಡಿಯೋ ಆಲ್ಬಂ ಹೊರತಂದದ್ದು ಮೂರೇ. ಅವರು ಸತ್ತ ಐದು ವರ್ಷಕ್ಕೆ, 1975ರಲ್ಲಿ, ‘ಕ್ರ್ಯಾಶ್ ಲ್ಯಾಂಡಿಂಗ್’ ಎಂಬ ಆಲ್ಬಂ ಬಂತು. ಅವರ ಜೊತೆ ನುಡಿಸಿದ್ದವರನ್ನು ಟೇಪಿನಿಂದ ಅಳಿಸಿ, ಹೆಂಡ್ರಿಕ್ಸ್ ಅವರನ್ನು ಕಂಡೇ ಇರದ ಕೂಲಿ ವಾದ್ಯಗಾರರಿಂದ ನುಡಿಸಿ ತುಂಬಿಸಿದ್ದರು. ಬೇಡ ಎನ್ನುವ ಬಾಯಿ ಮುಚ್ಚಿತ್ತು.

ಹಳೆಯದರ ಈ ಪೂಜೆಯಿಂದ ಪೆಟ್ಟು ತಿನ್ನುವುದು ಹೊಸ ಆಲ್ಬಂಗಳು. ಷರಾನ್ ಜೋನ್ಸ್ ಅವರ ಮೊದಲ ಪೂರ್ಣ ಆಲ್ಬಂ 2002ರಲ್ಲಿ ಬಂದಾಗ ಆಕೆಗೆ ನಲವತ್ತು ದಾಟಿತ್ತು. ಅದಕ್ಕೂ ಮೊದಲು ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಜೈಲಿನಲ್ಲಿ ಕಾವಲಿನ ಕೆಲಸ ಮಾಡಿದ್ದರು. ಚರ್ಚಿನಲ್ಲಿ ಹಾಡಿ ಬೆಳೆದಾಕೆ. ಕುಳ್ಳಗೆ, ಕಪ್ಪಗೆ, ದಪ್ಪಗೆ ಇದ್ದೀಯ, ವಯಸ್ಸಾಗಿದೆ ಎಂದು ಸಂಗೀತ ವ್ಯಾಪಾರದವರಿಂದಲೇ ಅನ್ನಿಸಿಕೊಂಡಾಕೆ. ಬ್ರೂಕ್ಲಿನ್ನಿನ ಡ್ಯಾಪ್‌ಟೋನ್ ಸ್ಟುಡಿಯೋದಲ್ಲಿ ಟೇಪಿನ ಮೇಲೆಯೇ ಧ್ವನಿಮುದ್ರಣ ಮಾಡಿದರೆಂಬ ಒಂದೇ ಕಾರಣಕ್ಕೆ ವಿಮರ್ಶಕರು ಆಕೆಯ ಆಲ್ಬಂಗಳನ್ನು ‘ಹಳೆಯ ಕಾಲದ ಮರುಸೃಷ್ಟಿ’ ಎಂದು ಕರೆದು, 1967ರ ರೆಕಾರ್ಡುಗಳ ಪಕ್ಕಕ್ಕಿಟ್ಟು ಅಳೆದರು. ಚಾರ್ಲ್ಸ್ ಬ್ರ್ಯಾಡ್ಲಿ ಅವರಿಗೂ ಇದೇ ಆಯಿತು. ಜೀವನೋಪಾಯಕ್ಕೆ ಜೇಮ್ಸ್ ಬ್ರೌನ್ ವೇಷ ಹಾಕಿ ಕುಣಿದವರು, 2011ರಲ್ಲಿ ಅರವತ್ತೆರಡನೇ ವಯಸ್ಸಿಗೆ ಮೊದಲ ಆಲ್ಬಂ ಮಾಡಿದರು. ಅವರ ಗಂಟಲಿನ ಆ ಚೀತ್ಕಾರ ಯಾರ ಅನುಕರಣೆಯೂ ಅಲ್ಲ. ತಮ್ಮ ಸ್ವಂತ ಅಣ್ಣನ ಕೊಲೆಯ ಬಗ್ಗೆ ಹಾಡಿದ ಮನುಷ್ಯ ಅವರು. ಷರಾನ್ 2016ರಲ್ಲಿ ಹೋದರು, ಚಾರ್ಲ್ಸ್ ಮರುವರ್ಷ. ಇಬ್ಬರಿಗೂ ಸಿಕ್ಕ ವರ್ಷಗಳು ಕಡಿಮೆ. ಆ ವರ್ಷಗಳಲ್ಲಿ ಅವರನ್ನು ಅವರಾಗಿ ಕೇಳದೆ, ಇಲ್ಲದ 1967ರ ಒಂದು ರೆಕಾರ್ಡಿನ ಮರುಬಿಡುಗಡೆಯಂತೆ ಕೇಳಿದ್ದು ದೊಡ್ಡ ಅಪಚಾರ.

ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಪಟ್ಟಣಕ್ಕೆ ಪ್ರವಾಸಿಗರು ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ದೆವ್ವಕ್ಕೆ ಆತ್ಮ ಮಾರಿಕೊಂಡ ಎಂಬ ಕಟ್ಟುಕಥೆಯ ಕೂಡುರಸ್ತೆ ನೋಡಲು ಬರುತ್ತಾರೆ. ಅದೇ ಊರಿನಲ್ಲಿ 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ ಇಂಗ್ರಮ್, ಎಲ್ಲರೂ ಕರೆಯುವಂತೆ ಕಿಂಗ್‌ಫಿಶ್, ಅಲ್ಲಿನ ಬ್ಲೂಸ್ ಮ್ಯೂಸಿಯಮ್ಮಿನ ಪಾಠಗಳಲ್ಲಿ ಗಿಟಾರ್ ಕಲಿತ ಹುಡುಗ. 2021ರ ಅವರ ಆಲ್ಬಂ ‘662’, ಆ ಪ್ರದೇಶದ ಫೋನ್ ಸಂಕೇತಸಂಖ್ಯೆಯನ್ನೇ ಹೆಸರಾಗಿಟ್ಟುಕೊಂಡದ್ದು, ಮರುವರ್ಷ ಗ್ರ್ಯಾಮಿ ಗೆದ್ದಿತು. ಬ್ಲೂಸ್ ಬಗ್ಗೆ ನಮ್ಮಲ್ಲಿ ಬರೆಯುವವರಲ್ಲಿ ಎಷ್ಟು ಜನ ಆ ಆಲ್ಬಂ ಕೇಳಿದ್ದಾರೆ? ಕೂಡುರಸ್ತೆಯ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ.

ಮರುಬಿಡುಗಡೆ ಇಲ್ಲದಿದ್ದರೆ ಇವರನ್ನೆಲ್ಲ ನಾವು ಕೇಳುತ್ತಲೇ ಇರಲಿಲ್ಲವಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಹೌದು, ಕೇಳುತ್ತಿರಲಿಲ್ಲ. ಆದ್ದರಿಂದ ಅದನ್ನು ಹೇಗೆ ಮಾಡಬೇಕೋ ಹಾಗೆ ಮಾಡಿದ್ದನ್ನೇ ಅಳತೆಗೋಲಾಗಿ ಹಿಡಿಯಿರಿ. 2023ರಲ್ಲಿ ಸ್ಟ್ಯಾಕ್ಸ್‌ನ ಗೀತರಚನಕಾರರು ಕಂಪನಿಯ ಒಳಗಿನ ಬಳಕೆಗೆಂದು ಹಾಡಿಟ್ಟಿದ್ದ ಕಚ್ಚಾ ಧ್ವನಿಮುದ್ರಣಗಳು ಏಳು ಸಿಡಿಗಳಲ್ಲಿ ಬಂದವು, 146 ಹಾಡು. ಶೆರಿಲ್ ಪವೆಲ್ಸ್ಕಿ ಹದಿನೇಳು ವರ್ಷ ಟೇಪುಗಳನ್ನು ಜರಡಿ ಹಿಡಿದು ಅವನ್ನು ಆರಿಸಿದ್ದರು. ಟಿಪ್ಪಣಿ ಬರೆದವರಲ್ಲಿ ಡೀನಿ ಪಾರ್ಕರ್ ಒಬ್ಬರು. ಆಕೆ ಸ್ಟ್ಯಾಕ್ಸ್‌ನಲ್ಲೇ ದುಡಿದವರು, ಸ್ವತಃ ಹಾಡು ಕಟ್ಟಿದವರು, ಅವರ ಹಾಡುಗಳೂ ಆ ಪೆಟ್ಟಿಗೆಯಲ್ಲಿವೆ. ಪ್ರಸಿದ್ಧ ಗಾಯಕರ ಹಿಂದೆ ನಿಂತಿದ್ದ ಹೋಮರ್ ಬ್ಯಾಂಕ್ಸ್, ಬೆಟ್ಟಿ ಕ್ರಚರ್, ಮ್ಯಾಕ್ ರೈಸ್ ಅವರ ದನಿಗಳು ಅವರವರ ಹೆಸರಿನಲ್ಲೇ ಕೇಳಿಸುತ್ತವೆ. ಯಾರೋ ಪತ್ತೆ ಮಾಡಿದರೆಂಬ ಜಂಬ ಆ ಟಿಪ್ಪಣಿಯಲ್ಲಿಲ್ಲ, ಯಾರು ಯಾವ ಸಾಲು ಕಟ್ಟಿದರು ಎಂಬ ವಿವರ ಇದೆ.

ಬೆಟ್ಟಿ ಲವೆಟ್ ಅವರ ಮಾತು ಹೇಳದೆ ಇದು ಮುಗಿಯದು. ಡೆಟ್ರಾಯಿಟಿನ ಆಕೆಯ ಮೊದಲ ಹಾಡು 1962ರಲ್ಲಿ ಬಂತು, ಆಗ ಹದಿನಾರರ ಹುಡುಗಿ. 1972ರಲ್ಲಿ ಮಸಲ್ ಶೋಲ್ಸ್‌ನಲ್ಲಿ ಇಡೀ ಆಲ್ಬಂ ಹಾಡಿ ಮುಗಿಸಿದ ಮೇಲೆ ಅಟ್ಲಾಂಟಿಕ್ ಬಳಗದ ಕಂಪನಿ ಅದನ್ನು ಹೊರತರದೆ ಕಪಾಟಿಗೆ ಹಾಕಿತು. ಆಕೆ ಹಾಡುವುದನ್ನು ನಿಲ್ಲಿಸಲಿಲ್ಲ. ಡೆಟ್ರಾಯಿಟಿನ ಕ್ಲಬ್ಬುಗಳಲ್ಲಿ, ‘ಬಬ್ಲಿಂಗ್ ಬ್ರೌನ್ ಶುಗರ್’ ಸಂಗೀತ ನಾಟಕದಲ್ಲಿ, ಸಿಕ್ಕಲ್ಲೆಲ್ಲ ಹಾಡಿದರು. 2000ದಲ್ಲಿ ಒಬ್ಬ ಫ್ರೆಂಚ್ ಸಂಗ್ರಾಹಕ ಆ ಟೇಪನ್ನು ‘ಸುವನಿರ್ಸ್’ ಎಂಬ ಹೆಸರಿನಲ್ಲಿ ಹೊರತಂದರು. ಈ ಬಿಡುಗಡೆಯನ್ನು ನಾನು ಮೆಚ್ಚುವುದು ಅದು ಹಳೆಯ ತಪ್ಪನ್ನು ತಿದ್ದಿತೆಂದಲ್ಲ. ಇಪ್ಪತ್ತಾರರ ಹೆಣ್ಣಿನಿಂದ ಕಸಿದುಕೊಂಡದ್ದನ್ನು ಐವತ್ತು ದಾಟಿದಾಕೆಗೆ ಹಿಂತಿರುಗಿಸಲು ಯಾರಿಗೂ ಸಾಧ್ಯವಿಲ್ಲ. ಆದರೆ ಆ ರೆಕಾರ್ಡಿನ ಬೆನ್ನಿಗೆ ಆಕೆಗೆ ಮತ್ತೆ ಸ್ಟುಡಿಯೋದ ಬಾಗಿಲು ತೆರೆಯಿತು. 2003ರಲ್ಲಿ ಒಂದು ಹೊಸ ಆಲ್ಬಂ, 2005ರಲ್ಲಿ ‘ಐವ್ ಗಾಟ್ ಮೈ ಓನ್ ಹೆಲ್ ಟು ರೈಸ್’, ಆಮೇಲೆ ಒಂದರ ಹಿಂದೊಂದು. 2023ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ರೋಲಿಂಗ್ ಸ್ಟೋನ್ಸ್ ಜೊತೆ ಡ್ರಮ್ ಬಾರಿಸುವ ಸ್ಟೀವ್ ಜೋರ್ಡನ್ ಅವರ ನಿರ್ಮಾಣದಲ್ಲಿ ‘ಲವೆಟ್!’ ಎಂಬ ಆಲ್ಬಂ ಮಾಡಿದರು. ದನಿ ಒಡೆದಿದೆ, ಉಸಿರು ಗಿಡ್ಡವಾಗಿದೆ, ಪ್ರತಿ ಸಾಲನ್ನೂ ಎಲ್ಲಿ ತಡೆದು ಎಲ್ಲಿ ಬಿಡಬೇಕೆಂಬುದು ಆಕೆಗೆ 1972ರಲ್ಲಿ ಇಷ್ಟು ಗೊತ್ತಿರಲಿಲ್ಲ. ಮರುಬಿಡುಗಡೆಯ ಅಂಕಣ ಬರೆಯುವವರು 1972ರ ಟೇಪಿಗೆ ಕೊಟ್ಟಷ್ಟು ಪುಟಗಳನ್ನು ಈ ಆಲ್ಬಂಗೂ ಕೊಡಲಿ, ಆಕೆ ಓದಲು ಇರುವಾಗಲೇ ಕೊಡಲಿ.